ಮೂರು ಪರದೆಗಳೂ ಎರಡು ಗ್ರಾಫಿಕ್ಸ್ ಕಾರ್ಡುಗಳೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವರು; ಕೆಲವರು ಕಚೇರಿಗಳಲ್ಲಿಯೂ ಪ್ರಯೋಗಶಾಲೆಗಳಲ್ಲಿಯೂ ಕಂಪ್ಯೂಟರಿನ ಮುಂದೆಯೇ ದಿನ ಕಳೆಯುವರು. ಅವರು ನಮ್ಮನ್ನು ಕಾಣಬಂದಾಗ ಕೇಳುವ ಪ್ರಶ್ನೆಗಳಲ್ಲಿ ಹೊಸ ಬಗೆಯದೊಂದು ಸೇರಿಕೊಂಡಿದೆ. "ಮಕ್ಕಳು ತಮ್ಮ ಆಟಕ್ಕೆ ಒಂದು ಪರದೆ ಸಾಲದು, ಮೂರು ಬೇಕು ಎನ್ನುತ್ತಾರೆ, ಮೂರು ಪರದೆಗಳಿಗೆ ಒಂದು ಗ್ರಾಫಿಕ್ಸ್ ಕಾರ್ಡು ಸಾಲದು, ಎರಡು ಬೇಕು ಎನ್ನುತ್ತಾರೆ. ಇದು ಹಟವೋ, ಅಗತ್ಯವೋ?" ಎಂಬುದೇ ಆ ಪ್ರಶ್ನೆ. ಇದಕ್ಕೆ ಒಂದು ಮಾತಿನಲ್ಲಿ ಉತ್ತರ ಕೊಡುವುದು ಸಾಧ್ಯವಲ್ಲ. ಆದಕಾರಣ ವಿಷಯವನ್ನು ಮೊದಲಿನಿಂದ ವಿವರಿಸಿ, ತೀರ್ಮಾನವನ್ನು ತಾಯಿತಂದೆಗಳ ವಿವೇಕಕ್ಕೇ ಬಿಡಬೇಕೆಂದು ಎಣಿಸಿದ್ದೇವೆ.

ನಾವು ಕಣ್ಣಾರೆ ಕಂಡ ಒಂದು ಸಂಗತಿಯಿಂದ ಆರಂಭಿಸುವೆವು. ೨೦೧೨ರ ಬೇಸಿಗೆ ರಜೆಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರ ಮನೆಗೆ ಹೋಗಿದ್ದೆವು. ಅವರ ಮಗಳಿಗೆ ಮೋಟಾರು ಓಟದ ಆಟದಲ್ಲಿ ಬಹಳ ಆಸಕ್ತಿ. ಅವಳು ಎರಡು ವರುಷ ಕೂಡಿಟ್ಟ ಹಣಕ್ಕೆ ತಂದೆಯವರು ಅಷ್ಟನ್ನೇ ಸೇರಿಸಿ, ಮೊದಲಿದ್ದಂಥದೇ ಇನ್ನೊಂದು ಕಾರ್ಡನ್ನು ಕೊಂಡು ತಂದಿದ್ದರು. "ವೇಗ ಇಮ್ಮಡಿಯಾಗುವುದು" ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದರಂತೆ. ಪರದೆಯ ಮೂಲೆಯಲ್ಲಿ ತೋರುವ ಅಂಕೆ ಮೂವತ್ತೈದರಿಂದ ಅರುವತ್ತರ ಹತ್ತಿರಕ್ಕೆ ಏರಿದುದು ನಿಜ. ಆದರೆ ಹುಡುಗಿಯ ಮುಖ ಅರಳಲಿಲ್ಲ. "ಅಮ್ಮಾ, ಅಂಕೆ ಏರಿದೆ, ಆದರೆ ಗಾಡಿ ಕುಂಟುತ್ತಿದೆ" ಎಂದಳು. ತಂದೆಯವರಿಗೆ ಬೇಸರವಾಯಿತು. "ಅಂಕೆ ಸುಳ್ಳು ಹೇಳುತ್ತದೆಯೇ? ಏನು ಕೊಟ್ಟರೂ ನಿನಗೆ ತೃಪ್ತಿಯಿಲ್ಲ" ಎಂದು ಗದರಿಸಿದರು. ಮಗು ಸುಮ್ಮನಾಯಿತು. ನಾವೂ ಆ ದಿನ ತಂದೆಯವರ ಪಕ್ಷವನ್ನೇ ವಹಿಸಿದೆವು. ನಮ್ಮ ಎಣಿಕೆ ತಪ್ಪಾಗಿತ್ತೆಂಬುದನ್ನು ಈ ಲೇಖನದಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಮೊದಲು ಯಂತ್ರದ ಕೆಲಸವನ್ನು ತಿಳಿದುಕೊಳ್ಳೋಣ. ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಚಿತ್ರವೆಲ್ಲ ಚುಕ್ಕೆಗಳಿಂದಾದುದು. ಈ ಚುಕ್ಕೆಗಳಿಗೆ ಪಿಕ್ಸೆಲುಗಳೆಂದು ಹೆಸರು. ಸಾಧಾರಣ ಪರದೆಯೊಂದರಲ್ಲಿ ಅಡ್ಡಲಾಗಿ ೧,೯೨೦, ಉದ್ದಕ್ಕೆ ೧,೦೮೦, ಒಟ್ಟು ೨೦,೭೩,೬೦೦ ಚುಕ್ಕೆಗಳುಂಟು. ಆಟದಲ್ಲಿ ವಸ್ತುಗಳು ಚಲಿಸುವಂತೆ ತೋರಬೇಕಾದರೆ ಇಡೀ ಚಿತ್ರವನ್ನು ಸೆಕೆಂಡಿಗೆ ಹಲವು ಸಲ ಹೊಸದಾಗಿ ಬರೆಯಬೇಕು. ಹೀಗೆ ಬರೆದ ಒಂದೊಂದು ಚಿತ್ರಕ್ಕೆ ಫ್ರೇಮು ಎನ್ನುವರು. ಸೆಕೆಂಡಿಗೆ ೬೦ ಫ್ರೇಮುಗಳು ಬೇಕೆಂದರೆ ಒಂದನ್ನು ಮುಗಿಸಲು ದೊರೆಯುವ ಕಾಲ ಸುಮಾರು ೧೬.೭ ಮಿಲಿಸೆಕೆಂಡು ಮಾತ್ರ; ಅಂದರೆ ಸೆಕೆಂಡಿನ ಅರುವತ್ತನೆಯ ಒಂದು ಪಾಲು. ಅಷ್ಟರೊಳಗೆ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಚುಕ್ಕೆಗಳ ಬಣ್ಣವನ್ನು ಲೆಕ್ಕಹಾಕಿ ಮುಗಿಸುವ ಹೊಣೆ ಗ್ರಾಫಿಕ್ಸ್ ಕಾರ್ಡಿನದು.

ಪರದೆಗಳು ಮೂರಾದರೆ ಚುಕ್ಕೆಗಳು ೬೨,೨೦,೮೦೦ ಆಗುವುವು. ಸೆಕೆಂಡಿಗೆ ೬೦ ಫ್ರೇಮುಗಳಂತೆ ಗುಣಿಸಿದರೆ ೩೭ ಕೋಟಿ ೩೨ ಲಕ್ಷದ ೪೮ ಸಾವಿರ ಚುಕ್ಕೆಗಳು! ಹೊರೆ ಇಷ್ಟಕ್ಕೇ ನಿಲ್ಲುವುದಿಲ್ಲ. ಒಂದೇ ಪರದೆಯಿದ್ದಾಗ ದೃಷ್ಟಿಯ ಹೊರಗೆ ಉಳಿಯುವ ಮರ, ಮನೆ, ಎದುರಾಳಿಯ ಗಾಡಿ ಇವೆಲ್ಲ ಈಗ ಎರಡು ಬದಿಗಳ ಪರದೆಗಳಲ್ಲಿ ಕಾಣಿಸಬೇಕಾಗುತ್ತದೆ. ಆ ವಸ್ತುಗಳ ಆಕಾರವನ್ನೂ ಸ್ಥಾನವನ್ನೂ ಗೊತ್ತುಮಾಡುವ ಕೆಲಸ ಕಾರ್ಡಿಗೆ ಮಾತ್ರವಲ್ಲ, ಕಂಪ್ಯೂಟರಿನ ಮುಖ್ಯ ಪ್ರೊಸೆಸರಿಗೂ ಹೆಚ್ಚುವುದು. ಆದುದರಿಂದ ಒಂದು ಪರದೆಯಲ್ಲಿ ಸರಾಗವಾಗಿ ಓಡುವ ಆಟವು ಮೂರರಲ್ಲಿ ತೆವಳುವುದು ಆಶ್ಚರ್ಯವಲ್ಲ.

ಹೀಗಿದ್ದರೂ ಮೂರು ಪರದೆಗಳ ಆಸೆಯನ್ನು ಬರಿಯ ಆಡಂಬರವೆಂದು ತಳ್ಳಿಬಿಡಲಾಗದು. ನಮ್ಮ ಕಣ್ಣುಗಳು ನೇರ ಮುಂದಿನದನ್ನು ಮಾತ್ರವಲ್ಲದೆ ಎರಡು ಬದಿಗಳಲ್ಲಿ ನಡೆಯುವುದನ್ನೂ ಮಸುಕಾಗಿ ಕಾಣುವುವು. ಮೋಟಾರು ಓಟದಲ್ಲಿಯೂ ವಿಮಾನ ನಡೆಸುವ ಆಟದಲ್ಲಿಯೂ ಈ ಬದಿಯ ನೋಟದಿಂದಲೇ ವೇಗದ ಅನುಭವವುಂಟಾಗುವುದು. ಇದನ್ನು ಅರಿತು ಕೆನಡಾ ದೇಶದ ಮ್ಯಾಟ್ರಾಕ್ಸ್ ಕಂಪನಿಯವರು ೨೦೦೨ರಲ್ಲಿಯೇ ಪರ್ಹೇಲಿಯಾ ಎಂಬ ಕಾರ್ಡಿನಿಂದ ಮೂರು ಪರದೆಗಳಲ್ಲಿ ಆಟವಾಡುವ ಏರ್ಪಾಡನ್ನು ತಂದರು. ೨೦೦೯ರಲ್ಲಿ ಎ.ಎಂ.ಡಿ. ಕಂಪನಿಯವರು ಐಫಿನಿಟಿ ಎಂಬ ಹೆಸರಿನಿಂದ, ಮರುವರುಷ ಎನ್‌ವಿಡಿಯಾ ಕಂಪನಿಯವರು ಸರೌಂಡ್ ಎಂಬ ಹೆಸರಿನಿಂದ ಇದೇ ಸೌಕರ್ಯವನ್ನು ಒದಗಿಸಿದರು. ಪರದೆಗಳ ಚೌಕಟ್ಟುಗಳು ಚಿತ್ರದ ನಡುವೆ ಕಿಟಕಿಯ ಕಂಬಗಳಂತೆ ನಿಲ್ಲುವುವಾದುದರಿಂದ, ಆ ಕಂಬದ ಹಿಂದೆ ಅಡಗುವ ಭಾಗವನ್ನು ಲೆಕ್ಕಕ್ಕೆ ಹಿಡಿದು ಚಿತ್ರವನ್ನು ಸರಿದೂಗಿಸುವ ಉಪಾಯವನ್ನೂ ಮಾಡಿದರು. ಅನೇಕ ಆಟಗಳಲ್ಲಿ ಬದಿಯ ಪರದೆಗಳಲ್ಲಿನ ವಸ್ತುಗಳು ಎಳೆದು ಹಿಗ್ಗಿಸಿದಂತೆ ಕಾಣುವ ದೋಷ ಮಾತ್ರ ಉಳಿಯಿತು.

ಇಲ್ಲಿಯೇ ಎರಡು ಕಾರ್ಡುಗಳ ಪ್ರಶ್ನೆ ಏಳುವುದು. ೨೦೧೦ರ ಎನ್‌ವಿಡಿಯಾ ಕಾರ್ಡುಗಳಲ್ಲಿ, ಉದಾಹರಣೆಗೆ ಜಿಫೋರ್ಸ್ ಜಿ.ಟಿ.ಎಕ್ಸ್. ೪೮೦ ಎಂಬುದರಲ್ಲಿ, ಒಂದು ಕಾರ್ಡು ಏಕಕಾಲಕ್ಕೆ ಎರಡು ಪರದೆಗಳನ್ನು ಮಾತ್ರ ನಡೆಸಬಲ್ಲುದಾಗಿತ್ತು. ಮೂರನೆಯದಕ್ಕೆ ಎರಡನೆಯ ಕಾರ್ಡು ಅನಿವಾರ್ಯವಾಗಿತ್ತು. ಎ.ಎಂ.ಡಿ.ಯವರ ಒಂದೇ ಕಾರ್ಡು ಮೂರು ಪರದೆಗಳನ್ನು ನಡೆಸುತ್ತಿತ್ತು. ಆದರೆ ಮೂರನೆಯದನ್ನು ಡಿಸ್‌ಪ್ಲೇಪೋರ್ಟ್ ಎಂಬ ಕಿಂಡಿಗೇ ಜೋಡಿಸಬೇಕಾಗಿತ್ತು. ೨೦೧೨ರಲ್ಲಿ ಜಿ.ಟಿ.ಎಕ್ಸ್. ೬೮೦ ಬಂದಮೇಲೆ ಎನ್‌ವಿಡಿಯಾದವರ ಒಂದೇ ಕಾರ್ಡಿನಿಂದಲೂ ನಾಲ್ಕು ಪರದೆಗಳವರೆಗೆ ಜೋಡಿಸುವುದು ಸಾಧ್ಯವಾಯಿತು. ಅಂದಿನಿಂದ ಎರಡನೆಯ ಕಾರ್ಡು ಪರದೆಗಳ ಸಂಖ್ಯೆಗಾಗಿ ಅಲ್ಲ, ಬರಿಯ ಶಕ್ತಿಗಾಗಿ ಬೇಕಾದುದಾಗಿ ಉಳಿಯಿತು.

ಎರಡು ಕಾರ್ಡುಗಳು ಒಂದೇ ಚಿತ್ರದ ಕೆಲಸವನ್ನು ಹಂಚಿಕೊಳ್ಳುವುದು ಹೇಗೆ? ಇದಕ್ಕೆ ಮುಖ್ಯವಾಗಿ ಮೂರು ಕ್ರಮಗಳುಂಟು.

ಮೊದಲನೆಯದು ಸಾಲು ಹಂಚಿಕೆ. ೧೯೯೮ರಲ್ಲಿ ಅಮೆರಿಕದ ತ್ರೀಡಿಎಫ್‌ಎಕ್ಸ್ ಕಂಪನಿಯವರು ವೂಡೂ ೨ ಎಂಬ ಕಾರ್ಡುಗಳಲ್ಲಿ ಇದನ್ನು ಬಳಸಿದರು. ಪರದೆಯ ಬೆಸಸಂಖ್ಯೆಯ ಸಾಲುಗಳನ್ನು ಒಂದು ಕಾರ್ಡು, ಸಮಸಂಖ್ಯೆಯವನ್ನು ಇನ್ನೊಂದು ಬರೆಯುತ್ತಿದ್ದುವು. ಒಂಟಿಯಾಗಿ ೮೦೦ಕ್ಕೆ ೬೦೦ ಚುಕ್ಕೆಗಳ ಚಿತ್ರವನ್ನು ಬರೆಯುತ್ತಿದ್ದ ಕಾರ್ಡು ಜೊತೆಗೂಡಿದಾಗ ೧,೦೨೪ಕ್ಕೆ ೭೬೮ ಚುಕ್ಕೆಗಳವರೆಗೆ ಏರುತ್ತಿತ್ತು. ಈ ಕ್ರಮಕ್ಕೆ ಎಸ್.ಎಲ್.ಐ. ಎಂಬ ಹೆಸರಿಟ್ಟರು. ಆ ಕಂಪನಿಯ ಸ್ವತ್ತನ್ನು ಕೊಂಡ ಎನ್‌ವಿಡಿಯಾದವರು ೨೦೦೪ರಲ್ಲಿ ಬೇರೆ ಅರ್ಥ ಕೊಟ್ಟು ಅದೇ ಮೂರಕ್ಷರಗಳನ್ನು ಮತ್ತೆ ಬಳಕೆಗೆ ತಂದರು. ಮರುವರುಷ ಕೆನಡಾದ ಎ.ಟಿ.ಐ. ಕಂಪನಿಯವರು ಕ್ರಾಸ್‌ಫೈರ್ ಎಂಬ ಹೆಸರಿನಿಂದ ಸ್ಪರ್ಧೆಗಿಳಿದರು, ೨೦೦೬ರಲ್ಲಿ ಎ.ಎಂ.ಡಿ.ಯವರು ಈ ಎ.ಟಿ.ಐ. ಕಂಪನಿಯನ್ನು ಕೊಂಡರು.

ಎರಡನೆಯದು ಭಾಗ ಹಂಚಿಕೆ. ಅಂಗಳದಲ್ಲಿ ದೊಡ್ಡ ರಂಗೋಲಿಯನ್ನು ಅಕ್ಕತಂಗಿಯರಿಬ್ಬರು ಅರ್ಧರ್ಧ ಹಂಚಿಕೊಂಡು ಹಾಕುವಂತೆ, ಚಿತ್ರದ ಮೇಲುಭಾಗವನ್ನು ಒಂದು ಕಾರ್ಡೂ ಕೆಳಭಾಗವನ್ನು ಇನ್ನೊಂದೂ ಬರೆಯುವುವು. ಆದರೆ ಮೇಲೆ ಬರಿಯ ಆಕಾಶ, ಕೆಳಗೆ ಊರೂ ಜನಸಂದಣಿಯೂ ಇದ್ದರೆ ಕೆಲಸ ಸಮನಾಗುವುದಿಲ್ಲ. ಒಬ್ಬಳು ಬೇಗ ಮುಗಿಸಿ ಇನ್ನೊಬ್ಬಳಿಗಾಗಿ ಕಾದಿರಬೇಕಾಗುವುದು. ಎರಡು ಭಾಗಗಳಿಗೂ ಚಾಚಿರುವ ವಸ್ತುಗಳ ಲೆಕ್ಕವನ್ನು ಇಬ್ಬರೂ ಮಾಡಬೇಕಾಗಿ, ಶ್ರಮದ ಸ್ವಲ್ಪ ಪಾಲು ವ್ಯರ್ಥವಾಗುವುದು.

ಮೂರನೆಯದು ಸರದಿಯ ಹಂಚಿಕೆ. ಮೊದಲ ಫ್ರೇಮನ್ನು ಒಂದು ಕಾರ್ಡು, ಎರಡನೆಯದನ್ನು ಇನ್ನೊಂದು, ಮೂರನೆಯದನ್ನು ಮತ್ತೆ ಮೊದಲನೆಯದು ಹೀಗೆ ಬರೆಯುವುವು. ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಎರಡು ಒನಕೆಗಳಿಂದ ಭತ್ತ ಕುಟ್ಟುವುದನ್ನು ಹಿರಿಯರು ನೋಡಿರಬಹುದು. ಇದು ಅದೇ ಬಗೆ. ಅಂಕೆಯನ್ನು ಏರಿಸುವುದರಲ್ಲಿ ಈ ಕ್ರಮಕ್ಕೆ ಸಮನಾದುದಿಲ್ಲ. ಆದುದರಿಂದ ಎರಡು ಕಂಪನಿಗಳವರೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದರು. ಆ ಹುಡುಗಿಯ ಮನೆಯ ಎರಡು ಕಾರ್ಡುಗಳು ಕೆಲಸ ಮಾಡುತ್ತಿದ್ದುದೂ ಹೀಗೆಯೇ.

ಈಗ ಅವಳ ದೂರಿನ ವಿಚಾರಕ್ಕೆ ಬರೋಣ. ಒನಕೆಗಳೆರಡೂ ಸಮನಾದ ಅಂತರದಲ್ಲಿ ಬಿದ್ದರೆ ತಾಳ ತಪ್ಪುವುದಿಲ್ಲ. ಆದರೆ ಎರಡನೆಯವಳ ಒನಕೆ ಮೊದಲನೆಯವಳದರ ಬೆನ್ನಿಗೇ ಬಿದ್ದು, ಆಮೇಲೆ ಬಹಳ ಹೊತ್ತು ಯಾವುದೂ ಬೀಳದೆ ಹೋದರೆ? ನಿಮಿಷಕ್ಕೆ ಬಿದ್ದ ಪೆಟ್ಟುಗಳನ್ನು ಎಣಿಸುವವನಿಗೆ ಸಂಖ್ಯೆ ಇಮ್ಮಡಿಯಾಗಿಯೇ ಕಾಣುವುದು. ಕೇಳುವವನ ಕಿವಿಗೆ ಮಾತ್ರ ಒಂದು ಪೆಟ್ಟಿನಂತೆಯೇ ಕೇಳಿಸುವುದು. ಎರಡು ಕಾರ್ಡುಗಳಲ್ಲಿ ಆಗುತ್ತಿದ್ದುದು ಇದೇ. ಒಂದು ಫ್ರೇಮು ತೋರಿದ ೪ ಮಿಲಿಸೆಕೆಂಡಿಗೆ ಇನ್ನೊಂದು, ಆಮೇಲೆ ೨೯ ಮಿಲಿಸೆಕೆಂಡು ಬಿಟ್ಟು ಮತ್ತೊಂದು ಎಂದಿಟ್ಟುಕೊಳ್ಳಿ. ೩೩ ಮಿಲಿಸೆಕೆಂಡಿಗೆ ಎರಡು ಫ್ರೇಮುಗಳಾದುವು. ಸರಾಸರಿ ಸೆಕೆಂಡಿಗೆ ೬೦. ಆದರೆ ಕಣ್ಣಿಗೆ ದೊರೆತ ಚಲನೆ ಸೆಕೆಂಡಿಗೆ ೩೦ ಫ್ರೇಮುಗಳದಕ್ಕಿಂತ ಹೆಚ್ಚು ಉತ್ತಮವಾದುದಲ್ಲ. ಈ ಕುಂಟುವಿಕೆಗೆ ಮೈಕ್ರೋ ಸ್ಟಟರ್ ಎಂದು ಹೆಸರಾಯಿತು.

ಆಟಗಾರರು ಇದನ್ನು ಬಹುಕಾಲದಿಂದ ಹೇಳುತ್ತ ಬಂದಿದ್ದರು. ಆದರೆ ಕಾರ್ಡುಗಳನ್ನು ಪರೀಕ್ಷಿಸುವವರೂ ಸೆಕೆಂಡಿನ ಸರಾಸರಿಯನ್ನೇ ನೋಡುತ್ತಿದ್ದುದರಿಂದ ದೂರಿಗೆ ಸಾಕ್ಷಿ ದೊರೆತಿರಲಿಲ್ಲ. ೨೦೧೧ರ ಸೆಪ್ಟೆಂಬರಿನಲ್ಲಿ ಟೆಕ್ ರಿಪೋರ್ಟ್ ಎಂಬ ಅಮೆರಿಕದ ಪತ್ರಿಕೆಯಲ್ಲಿ ಸ್ಕಾಟ್ ವ್ಯಾಸನ್ ಎಂಬವರು ಸೆಕೆಂಡಿನ ಒಳಹೊಕ್ಕು, ಒಂದೊಂದು ಫ್ರೇಮಿಗೆ ಹಿಡಿದ ಕಾಲವನ್ನು ಬೇರೆ ಬೇರೆಯಾಗಿ ಅಳೆದು ತೋರಿಸಿದರು. ೨೦೧೩ರಲ್ಲಿ ಎನ್‌ವಿಡಿಯಾದವರು ಇನ್ನೂ ನಿಖರವಾದ ಒಂದು ಸಾಧನವನ್ನು ಪರೀಕ್ಷಕರ ಕೈಗೆ ಕೊಟ್ಟರು. ಅದರಲ್ಲಿ ಪ್ರತಿಯೊಂದು ಫ್ರೇಮಿನ ಅಂಚಿಗೂ ಒಂದು ಬಣ್ಣದ ಪಟ್ಟಿಯನ್ನು ಹಚ್ಚಿ, ಪರದೆಗೆ ಹೋಗುವ ಚಿತ್ರವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಹಿಡಿದಿಟ್ಟು, ಪಟ್ಟಿಗಳ ಉದ್ದವನ್ನು ಅಳೆಯುವರು. ಇದರಿಂದ ಹೊರಬಿದ್ದ ಸಂಗತಿ ಬೆರಗುಗೊಳಿಸುವಂಥದು. ಎಣಿಕೆಗೆ ಸೇರಿದ್ದ ಫ್ರೇಮುಗಳಲ್ಲಿ ಕೆಲವು ಪರದೆಯ ಮೇಲೆ ನಾಲ್ಕಾರು ಸಾಲುಗಳಷ್ಟು ಮಾತ್ರ ತೋರಿ ಮಾಯವಾಗುತ್ತಿದ್ದುವು. ಕೆಲವು ತೋರಲೇ ಇಲ್ಲ! ಸ್ಪರ್ಧಿಯೊಬ್ಬರು ಒದಗಿಸಿದ ಸಾಧನವೆಂದು ಇದನ್ನು ಶಂಕಿಸಬಹುದಾಗಿತ್ತು. ಆದರೆ ಎ.ಎಂ.ಡಿ.ಯವರು ದೋಷವನ್ನು ಒಪ್ಪಿಕೊಂಡು, ೨೦೧೩ರ ಆಗಸ್ಟಿನಲ್ಲಿ ಫ್ರೇಮುಗಳನ್ನು ಸಮನಾದ ಅಂತರದಲ್ಲಿ ಬಿಡುವ ಹೊಸ ಡ್ರೈವರನ್ನು ಪ್ರಕಟಿಸಿದರು. ಈ ತಿದ್ದುಪಡಿ ಮೊದಲಿಗೆ ಒಂಟಿ ಪರದೆಯವರಿಗೆ ಮಾತ್ರ ಅನ್ವಯಿಸುತ್ತಿತ್ತೆಂಬುದನ್ನು ವಾಚಕರು ಗಮನಿಸಬೇಕು. ಮೂರು ಪರದೆಗಳವರು, ಅಂದರೆ ಎರಡನೆಯ ಕಾರ್ಡು ಯಾರಿಗೆ ಹೆಚ್ಚಾಗಿ ಬೇಕಾಗಿತ್ತೋ ಅವರೇ, ೨೦೧೪ರ ಆರಂಭದವರೆಗೆ ಕಾಯಬೇಕಾಯಿತು.

ಇನ್ನೊಂದು ಸೂಕ್ಷ್ಮವನ್ನು ಹೇಳಬೇಕು. ಒಂದು ಫ್ರೇಮನ್ನು ಬರೆಯಲು ಕಾರ್ಡಿಗೆ ೩೩ ಮಿಲಿಸೆಕೆಂಡು ಹಿಡಿಯುವುದಾದರೆ, ಸರದಿಯ ಕ್ರಮದಲ್ಲಿ ಎರಡನೆಯ ಕಾರ್ಡು ಸೇರಿದ ಮೇಲೆಯೂ ಆ ಒಂದು ಫ್ರೇಮಿಗೆ ೩೩ ಮಿಲಿಸೆಕೆಂಡೇ ಹಿಡಿಯುವುದು. ಸಾಲಿನಲ್ಲಿ ಬರುವ ಫ್ರೇಮುಗಳು ಹೆಚ್ಚಿದುವೇ ಹೊರತು ಯಾವುದೊಂದೂ ಬೇಗ ಸಿದ್ಧವಾಗಲಿಲ್ಲ. ಆಟಗಾರಳು ಚಕ್ರವನ್ನು ತಿರುಗಿಸಿದ ಕ್ಷಣಕ್ಕೂ ಪರದೆಯಲ್ಲಿ ಗಾಡಿ ತಿರುಗಿದ ಕ್ಷಣಕ್ಕೂ ನಡುವಣ ವಿಳಂಬವು ಅಂಕೆ ಇಮ್ಮಡಿಯಾದಷ್ಟು ಕಡಿಮೆಯಾಗುವುದಿಲ್ಲ. ಅಂಕೆಯನ್ನು ನೋಡುತ್ತ ಕುಳಿತವರಿಗೆ ಇದು ತಿಳಿಯದು. ಆಡುವವರ ಕೈಗೆ ತಿಳಿಯುವುದು.

ಖರ್ಚಿನ ವಿಷಯದಲ್ಲಿಯೂ ತಾಯಿತಂದೆಗಳು ಮೂರು ಮಾತುಗಳನ್ನು ಅರಿತಿರಬೇಕು. ಮೊದಲನೆಯದು, ಕಾರ್ಡುಗಳ ನೆನಪಿನ ಶಕ್ತಿ, ಅಂದರೆ ಮೆಮೊರಿ, ಕೂಡುವುದಿಲ್ಲ. ಇಬ್ಬರು ಹುಡುಗಿಯರಲ್ಲಿಯೂ ಅದೇ ಒಂದು ಪುಸ್ತಕವಿದ್ದರೆ ಓದುವುದಕ್ಕೆ ಎರಡು ಪುಸ್ತಕಗಳಾದಂತಲ್ಲ. ಹಾಗೆಯೇ ಎರಡು ಕಾರ್ಡುಗಳೂ ಆಟದ ಸಾಮಗ್ರಿಯ ಪ್ರತಿಯೊಂದನ್ನು ತಂತಮ್ಮಲ್ಲಿ ಇಟ್ಟುಕೊಳ್ಳಬೇಕು. ೧.೫ ಗಿಗಾಬೈಟಿನ ಎರಡು ಕಾರ್ಡುಗಳು ಸೇರಿದರೂ ಆಟದ ಪಾಲಿಗೆ ಅದು ೧.೫ ಗಿಗಾಬೈಟೇ. ಮೂರು ಪರದೆಗಳ ದೊಡ್ಡ ಚಿತ್ರಕ್ಕೆ ಮೆಮೊರಿ ಹೆಚ್ಚಾಗಿ ಬೇಕಾಗುವುದರಿಂದ, ಎಷ್ಟೋ ಮನೆಗಳಲ್ಲಿ ಶಕ್ತಿ ಸಾಕಾಗಿಯೂ ಮೆಮೊರಿ ಸಾಲದೆ ಆಟ ನಿಂತು ನಿಂತು ಸಾಗುತ್ತಿತ್ತು. ಎರಡನೆಯದು, ಸಾಧಾರಣ ಮದರ್‌ಬೋರ್ಡಿನಲ್ಲಿ ಕಾರ್ಡಿಗೆ ಮೀಸಲಾದ ಹದಿನಾರು ದಾರಿಗಳನ್ನು ಎರಡು ಕಾರ್ಡುಗಳು ಎಂಟೆಂಟಾಗಿ ಹಂಚಿಕೊಳ್ಳಬೇಕು. ಮೂರನೆಯದು ವಿದ್ಯುಚ್ಛಕ್ತಿ. ಜಿ.ಟಿ.ಎಕ್ಸ್. ೪೮೦ ಒಂದಕ್ಕೆ ೨೫೦ ವಾಟ್ ಎಂದು ಗೊತ್ತುಮಾಡಿದ್ದರು. ಎರಡಕ್ಕೆ ೫೦೦ ವಾಟ್. ಎರಡು ಗಂಟೆಯ ಆಟಕ್ಕೆ ಕಾರ್ಡುಗಳಿಗೇ ಒಂದು ಯೂನಿಟ್ಟು. ಪರದೆಗಳದೂ ಉಳಿದ ಯಂತ್ರದ್ದೂ ಬೇರೆ. ಆ ಶಕ್ತಿಯೆಲ್ಲ ಕೊನೆಗೆ ಶಾಖವಾಗಿ ಕೋಣೆಗೇ ಇಳಿಯುವುದು. ಕರಾವಳಿಯ ಸೆಕೆಯಲ್ಲಿ ಇದು ಸಣ್ಣ ಮಾತಲ್ಲ.

ಇಷ್ಟಾಗಿ ಈ ಜೋಡಿ ಕಾರ್ಡುಗಳ ಕಾಲ ಈಗ ಮುಗಿದುಹೋಗಿದೆ. ಅದಕ್ಕೆ ಕಾರಣ ಆಟಗಳ ರಚನೆಯಲ್ಲಾದ ಬದಲಾವಣೆ. ಈಗಿನ ಆಟಗಳು ಒಂದು ಫ್ರೇಮನ್ನು ನಯಗೊಳಿಸುವುದಕ್ಕೆ ಅದರ ಹಿಂದಿನ ಫ್ರೇಮಿನ ವಿವರಗಳನ್ನು ಬಳಸುವುವು. ಸರದಿಯ ಕ್ರಮದಲ್ಲಿ ಹಿಂದಿನ ಫ್ರೇಮು ಇನ್ನೊಂದು ಕಾರ್ಡಿನಲ್ಲಿರುವುದು. ಅದನ್ನು ಇಲ್ಲಿಗೆ ತರಿಸಿಕೊಳ್ಳುವಷ್ಟರಲ್ಲಿ ಹಂಚಿಕೆಯ ಲಾಭವೆಲ್ಲ ಕರಗುವುದು. ೨೦೧೫ರಲ್ಲಿ ಬಂದ ಡೈರೆಕ್ಟ್‌ಎಕ್ಸ್ ೧೨ ಎಂಬ ಏರ್ಪಾಡು ಹಂಚಿಕೆಯ ಹೊಣೆಯನ್ನು ಆಟ ರಚಿಸುವವರಿಗೇ ಒಪ್ಪಿಸಿತು. ಜೋಡಿ ಕಾರ್ಡುಳ್ಳ ಮನೆಗಳು ಕೆಲವೇ ಆದುದರಿಂದ ಅಷ್ಟು ಶ್ರಮವನ್ನು ವಹಿಸಿಕೊಂಡವರೂ ಕೆಲವರೇ. ೨೦೧೯ರ ಎ.ಎಂ.ಡಿ. ರೇಡಿಯಾನ್ ಆರ್.ಎಕ್ಸ್. ೫೭೦೦ ಕಾರ್ಡುಗಳಲ್ಲಿ ಕ್ರಾಸ್‌ಫೈರ್ ಇರಲಿಲ್ಲ. ೨೦೨೦ರಲ್ಲಿ ಎನ್‌ವಿಡಿಯಾದವರು ಜೋಡಿಸುವ ಸೌಕರ್ಯವನ್ನು ತಮ್ಮ ಆ ಸಾಲಿನ ಆಟದ ಕಾರ್ಡುಗಳಲ್ಲಿ ಆರ್.ಟಿ.ಎಕ್ಸ್. ೩೦೯೦ ಒಂದಕ್ಕೇ ಉಳಿಸಿ, ೨೦೨೧ರ ಜನವರಿ ೧ರಿಂದ ಹೊಸ ಆಟಗಳಿಗಾಗಿ ಎಸ್.ಎಲ್.ಐ. ವ್ಯವಸ್ಥೆಯನ್ನು ತಾವು ಸಿದ್ಧಪಡಿಸುವುದಿಲ್ಲವೆಂದು ಸಾರಿದರು. ೨೦೨೨ರ ಆರ್.ಟಿ.ಎಕ್ಸ್. ೪೦೯೦ರಲ್ಲಿ ಜೋಡಿಸುವ ಕೊಂಡಿಯೇ ಇಲ್ಲ.

ಹಾಗಾದರೆ ಇಂದು ಮಾಡಬೇಕಾದುದೇನು? ಮೂರು ಪರದೆಗಳಲ್ಲಿ ಆಡಬೇಕೆಂಬ ಮಕ್ಕಳಿಗೆ ಒಂದೇ ಸಮರ್ಥವಾದ ಕಾರ್ಡನ್ನು ಕೊಡಿಸುವುದು ಮೇಲು. ಈಗಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಪರದೆಗಳಿಗೆ ಸಾಕಾಗುವಷ್ಟು ಕಿಂಡಿಗಳಿರುವುವು. ಹಳೆಯ ಕಾರ್ಡಿಗೆ ಜೊತೆಯಾಗಿ ಅಂಥದೇ ಇನ್ನೊಂದನ್ನು ಅಗ್ಗವಾಗಿ ಕೊಡುವೆವೆಂದು ಯಾರಾದರೂ ಹೇಳಿದರೆ, ಈಗಿನ ಆಟಗಳಲ್ಲಿ ಅದು ಕೆಲಸವಿಲ್ಲದೆ ಕುಳಿತಿರುವುದೇ ಹೆಚ್ಚೆಂದು ತಿಳಿಯಿರಿ. ಪಕ್ಕದ ಪರದೆ ಓದುವುದಕ್ಕೋ ಮಾತುಕತೆಗೋ ಮಾತ್ರ ಬೇಕಾದರೆ ಅದರಿಂದ ಆಟಕ್ಕೆ ಬೀಳುವ ಹೊರೆ ಬಹಳ ಅಲ್ಪ. ಅದಕ್ಕಾಗಿ ಹೊಸ ಕಾರ್ಡನ್ನು ಕೊಳ್ಳಬೇಕಾಗಿಲ್ಲ. ಆದರೆ ಮಗಳು ಬ್ಲೆಂಡರ್ ಮುಂತಾದ ಸಾಧನಗಳಿಂದ ಚಲಚ್ಚಿತ್ರದ ಬಿಂಬಗಳನ್ನು ರಚಿಸುವ ವಿದ್ಯೆಯನ್ನು ಕಲಿಯುತ್ತಿದ್ದರೆ ಮಾತು ಬೇರೆ. ಅಲ್ಲಿ ಚಿತ್ರವು ಕ್ಷಣಮಾತ್ರದಲ್ಲಿ ತಾಳಕ್ಕೆ ಸರಿಯಾಗಿ ಬರಬೇಕಾಗಿಲ್ಲ. ಆದುದರಿಂದ ಎರಡು ಕಾರ್ಡುಗಳು ಕೆಲಸವನ್ನು ಹಂಚಿಕೊಂಡು ನಿಜವಾಗಿಯೂ ಬೇಗ ಮುಗಿಸುವುವು.

ಒಂದೇ ಕಾರ್ಡಿನ ಕಾಲದಲ್ಲಿಯೂ ಅಂಕೆಯ ಮೋಹ ಬಿಟ್ಟಿಲ್ಲ. ಬರೆದ ಎರಡು ಫ್ರೇಮುಗಳ ನಡುವೆ ಊಹೆಯಿಂದ ಒಂದನ್ನು ಸೃಷ್ಟಿಸಿ ಸೇರಿಸುವ ವಿದ್ಯೆಯನ್ನು ೨೦೨೨ರಿಂದ ಕಾರ್ಡುಗಳಲ್ಲಿ ತಂದಿರುವರು. ಚಲನೆ ನಯವಾಗಿ ಕಾಣುವುದು ನಿಜ. ಆದರೆ ಕೈಯ ಚಲನೆಗೆ ಪರದೆಯು ಕೊಡುವ ಉತ್ತರ ಅದರಿಂದ ಬೇಗವಾಗುವುದಿಲ್ಲ. ಆದುದರಿಂದ ಕೊಳ್ಳುವ ಮೊದಲು ಸರಾಸರಿಯನ್ನು ಮಾತ್ರ ಕೇಳದೆ, ಅತಿ ನಿಧಾನವಾದ ಫ್ರೇಮುಗಳಿಗೆ ಎಷ್ಟು ಕಾಲ ಹಿಡಿಯುವುದೆಂಬುದನ್ನೂ ವಿಚಾರಿಸಿರಿ. ಸಾಧ್ಯವಾದರೆ ಆಡುವ ಮಗುವನ್ನೇ ಯಂತ್ರದ ಮುಂದೆ ಕೂರಿಸಿ ನೋಡಿರಿ.

ಆ ಹುಡುಗಿ ಈಗ ದೊಡ್ಡವಳಾಗಿ ಉದ್ಯೋಗದಲ್ಲಿದ್ದಾಳೆ. ಕಳೆದ ಸಲ ಭೇಟಿಯಾದಾಗ ಈ ಅಳತೆಯ ಕಥೆಯನ್ನು ಅವಳಿಗೂ ಅವಳ ತಂದೆಯವರಿಗೂ ತಿಳಿಸಿದೆವು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಂದು ನೀನು ಹೇಳಿದ್ದೇ ಸರಿ, ಮಗಳೇ" ಎಂದರು. ಅವಳು ನಕ್ಕು, "ಹೌದಪ್ಪಾ, ಆದರೆ ಅಂದು ತೋರಿಸುವುದಕ್ಕೆ ನನ್ನಲ್ಲಿ ಅಂಕೆಯಿರಲಿಲ್ಲ" ಎಂದಳು. ಮಕ್ಕಳು ತಮ್ಮ ಕಣ್ಣಿಗೆ ಕಂಡುದನ್ನು ಹೇಳುವಾಗ, ಅದು ನಮ್ಮ ಅಳತೆಗೆ ಸಿಕ್ಕಲಿಲ್ಲವೆಂಬ ಕಾರಣದಿಂದಲೇ ಅದನ್ನು ಹಟವೆಂದು ತಳ್ಳಬಾರದೆಂಬುದನ್ನು ನಾವು ಆ ಮನೆಯಿಂದ ಕಲಿತೆವು. ನಮ್ಮ ವಾಚಕರೂ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳುವರೆಂದು ನಂಬಿದ್ದೇವೆ.